ಈಜು, ಸೈಕಲ್, ಓಟ: ಒಂದೇ ದಿನದ ಮೂರು ಪಯಣ

ಮಾಘ ಬಹುಳ ದಶಮಿಯ ಸುಮಾರಿಗೆ ಕೊಟ್ಟೂರಿನ ಗುರು ಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆ ದಾವಣಗೆರೆ ಮೊದಲಾದ ಊರುಗಳಿಂದ ಸಾವಿರಾರು ಭಕ್ತರು ನಡೆದೇ ಬರುತ್ತಾರೆ. ಹಲವು ವರ್ಷ ನಡೆದವರು ಹೊಸಬರಿಗೆ ಹೇಳುವುದು ಎರಡೇ ಮಾತು: ಹೊಸ ಚಪ್ಪಲಿ ಬೇಡ, ಮೊದಲ ದಿನ ಓಡಬೇಡ. ದೂರದ ದಾರಿಗೆ ಮೈಯನ್ನು ಸಜ್ಜುಗೊಳಿಸುವ ವಿದ್ಯೆಯ ಸಾರವೆಲ್ಲ ಇದರಲ್ಲಿದೆ. ಇಂದು ನಮ್ಮ ತರುಣರನ್ನು ಸೆಳೆಯುತ್ತಿರುವ ‘ಟ್ರಯಥ್ಲಾನ್’ ಎಂಬ ಕಠಿಣ ಸ್ಪರ್ಧೆಗೂ ಇದೇ ಮಾತು ಸಲ್ಲುತ್ತದೆ.

ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಒಂದರ ಹಿಂದೊಂದು ಮುಗಿಸುವುದೇ ಟ್ರಯಥ್ಲಾನ್. ಆಧುನಿಕ ರೂಪದಲ್ಲಿ ಇದು 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿತು. ಈಜುಗಾರ, ಸೈಕಲ್ ಸವಾರ, ಓಟಗಾರ ಇವರಲ್ಲಿ ಗಟ್ಟಿಗರಾರು ಎಂಬ ವಾದ ಹವಾಯಿಯಲ್ಲಿ ಎದ್ದಾಗ, ಅಲ್ಲಿನ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ, ದ್ವೀಪದಲ್ಲಿದ್ದ ಮೂರು ಸ್ಪರ್ಧೆಗಳನ್ನು ಒಂದಾಗಿ ಪೋಣಿಸಿದರು. 1978ರ ಫೆಬ್ರುವರಿಯಲ್ಲಿ ಹೊರಟವರು 15 ಮಂದಿ, ಮುಗಿಸಿದವರು 12. ಅಂದಿನ ಅಳತೆಯೇ ಇಂದಿಗೂ ‘ಐರನ್‌ಮ್ಯಾನ್’ ಅಳತೆ: 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಸೈಕಲ್ ಭಾಗವೊಂದೇ ಹೆಚ್ಚು ಕಡಿಮೆ ಬೆಂಗಳೂರಿನಿಂದ ಹಾಸನದಷ್ಟಾಯಿತು! ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಇದರ ಅರ್ಧದಷ್ಟು ದೂರದ ಐರನ್‌ಮ್ಯಾನ್ ಸ್ಪರ್ಧೆ ಭಾರತದಲ್ಲಿ ಮೊದಲು ನಡೆದದ್ದು 2019ರಲ್ಲಿ, ಗೋವಾದಲ್ಲಿ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದಾಗ ಈ ಹೆಸರು ಹಳ್ಳಿಗಳಲ್ಲೂ ಕೇಳಿಬಂತು.

ತುಂಗಭದ್ರೆಯ ದಂಡೆಯ ಹಲವಾಗಲಿನಂಥ ಊರಿನ ಹುಡುಗನಿಗೆ ಈ ಮೂರೂ ಹೊಸತಲ್ಲ. ಹೊಳೆಯಲ್ಲಿ ಈಜು, ಶಾಲೆಗೆ ಸೈಕಲ್, ಜಾತ್ರೆಗೆ ನಡಿಗೆ. ಹೊಸತೆಂದರೆ ಇವನ್ನು ಬೆಸೆಯುವುದು. ಗಂಟೆಗಟ್ಟಲೆ ಪೆಡಲ್ ತುಳಿದು ಇಳಿದವನ ಕಾಲು ನೆಲಕ್ಕೆ ಅಂಟಿದಂತೆ ಭಾರವಾಗುತ್ತದೆ. ಆದ್ದರಿಂದಲೇ ಸೈಕಲ್ ಇಳಿದೊಡನೆ ಸ್ವಲ್ಪ ದೂರ ಓಡುವುದು ಅಭ್ಯಾಸದ ಮುಖ್ಯ ಭಾಗ. ಆರು ತಿಂಗಳಿಂದ ಒಂದು ವರ್ಷದ ಅವಧಿಯಲ್ಲಿ ದೂರವನ್ನು ತುಸುತುಸುವೇ ಏರಿಸಬೇಕು, ಮೂರು ನಾಲ್ಕು ವಾರಕ್ಕೊಮ್ಮೆ ಇಳಿಸಬೇಕು. ಸ್ನಾಯು ಬಲಿಯುವುದು ದುಡಿಯುವಾಗಲ್ಲ, ದಣಿವಾರಿಸಿಕೊಳ್ಳುವಾಗ.

ಇನ್ನು ಆಹಾರ. ಸ್ನಾಯು ಹಾಗೂ ಯಕೃತ್ತಿನಲ್ಲಿ ಸಕ್ಕರೆಯ ರೂಪದಲ್ಲಿರುವ ಇಂಧನ ಸುಮಾರು 2000 ಕ್ಯಾಲೊರಿಯಷ್ಟು. ಬಿರುಸಿನ ದುಡಿಮೆಯಲ್ಲಿ ಇದು ಎರಡು ಗಂಟೆಯ ಆಸುಪಾಸಿನಲ್ಲಿ ಬರಿದಾಗುತ್ತದೆ. ಹಾಗಾಗಿ ದಾರಿಯುದ್ದಕ್ಕೂ ತಿನ್ನುತ್ತಲೇ ಇರಬೇಕು, ಸ್ಪರ್ಧೆಯ ದಿನ ತಿನ್ನುವುದನ್ನೇ ಅಭ್ಯಾಸದಲ್ಲೂ ತಿಂದು ರೂಢಿಸಿಕೊಳ್ಳಬೇಕು. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತು ಬರಬಹುದು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಈ ಕೊರತೆ ಕಂಡಿತ್ತು. ನಮ್ಮ ಅರವಟ್ಟಿಗೆಗಳಲ್ಲಿ ಬೆಲ್ಲದ ಪಾನಕ, ಉಪ್ಪು ಹಾಕಿದ ಮಜ್ಜಿಗೆ ಕೊಡುವ ರೂಢಿಯ ಹಿಂದೆ ಎಂಥ ತಿಳಿವಳಿಕೆಯಿದೆ ಎಂಬುದನ್ನು ಓದುಗರೇ ಊಹಿಸಬಹುದು.

ಬಿಸಿಲಿಗೆ ಹೊಂದಿಕೊಳ್ಳಲು ದೇಹಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಬಳ್ಳಾರಿ ಸೀಮೆಯ ಬೇಸಿಗೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಅಭ್ಯಾಸವಿದ್ದವರೂ ಮಟಮಟ ಮಧ್ಯಾಹ್ನ ಬಿಟ್ಟು ಬೆಳಗಿನ ಹೊತ್ತನ್ನೇ ಆರಿಸುವುದು ಲೇಸು.

ಎಲ್ಲಕ್ಕಿಂತ ಎಚ್ಚರ ಬೇಕಾದುದು ನೀರಿನಲ್ಲಿ. ಓಟದಲ್ಲಿ ಸೋತವನು ರಸ್ತೆಬದಿ ಕೂರಬಹುದು, ನೀರಿನಲ್ಲಿ ಕೂರಲು ಜಾಗವಿಲ್ಲ. ಊರ ಹೊಳೆ ಎಂಬ ಸಲುಗೆ ಸಲ್ಲದು. ಮಳೆಗಾಲದ ಸೆಳೆತ, ಮರಳು ತೆಗೆದ ಗುಂಡಿಯ ಆಳ ದಂಡೆಯ ಮೇಲೆ ನಿಂತವನಿಗೆ ಕಾಣಿಸುವುದಿಲ್ಲ. ಒಂಟಿಯಾಗಿ ಎಂದೂ ಇಳಿಯಬಾರದು, ಜೊತೆಯಲ್ಲಿ ತೆಪ್ಪ ಇಲ್ಲವೆ ನುರಿತ ಈಜುಗಾರ ಇರಲೇಬೇಕು. ಹೃದಯದ ತೊಂದರೆ, ಆಸ್ತಮಾ ಇದ್ದವರು ಅಭ್ಯಾಸ ಆರಂಭಿಸುವ ಮುನ್ನವೇ ವೈದ್ಯರನ್ನು ಕಾಣಬೇಕು.

ಮೊದಲ ಸ್ಪರ್ಧೆಯ ಗುರಿ ಗೆಲುವಲ್ಲ, ಮುಗಿಸುವುದು. ಮೈ ಒಲ್ಲೆನೆಂದ ದಿನ ಅರ್ಧಕ್ಕೇ ನಿಲ್ಲಿಸುವುದು ಅವಮಾನವೂ ಅಲ್ಲ. ಎಲ್ಲಿ ನಿಲ್ಲಬೇಕೆಂದು ಅರಿತವನಷ್ಟೇ ಮುಂದಿನ ವರ್ಷ ಮತ್ತೆ ಹೊರಡಬಲ್ಲ.