ಹೋಂಸ್ಟೇ: ಬಾಡಿಗೆ ಕೋಣೆಗೆ, ಪಾಠ ಪುಕ್ಕಟೆ

ಅಡಿಕೆ ಕೊಯ್ಲು, ಸುಲಿತ ಮುಗಿದ ಮೇಲೆ ಒಂದು ಸಲ ಕೊಡಗಿನ ಕಡೆ ಹೋಗಿ ಬರುವುದು ನನ್ನ ರೂಢಿ. ಟೂರಿನವರ ವ್ಯಾನಿಲ್ಲ, ಗುಂಪಿಲ್ಲ. ಸರಕಾರಿ ಬಸ್ಸು, ಹೆಗಲಿಗೊಂದು ಚೀಲ. ತಂಗುವುದು ಲಾಡ್ಜಿನಲ್ಲಲ್ಲ, ಬೆಳೆಗಾರರ ಮನೆಯಲ್ಲೇ.

ಅಲ್ಲಿ ಹೋಂಸ್ಟೇ ಹಬ್ಬಲು ಕಾಫಿಯೂ ಒಂದು ಕಾರಣ. 1996ರ ಹೊತ್ತಿಗೆ ಕಾಫಿ ಮಂಡಳಿಯ ಪೂಲ್ ಪದ್ಧತಿ ಮುಗಿದು ಬೆಳೆಗಾರ ಮುಕ್ತ ಮಾರುಕಟ್ಟೆಗೆ ಬಂದ. ಆಮೇಲೆ ವಿಯೆಟ್ನಾಮಿನ ರೊಬಸ್ಟಾ ಜಗತ್ತಿಗೆಲ್ಲ ಹರಿಯಿತು. 2001-02ರ ಸುಮಾರಿಗೆ ದರ ನೆಲ ಕಚ್ಚಿತು. ಮಕ್ಕಳು ಪಟ್ಟಣ ಸೇರಿ ಖಾಲಿ ಬಿದ್ದ ಕೋಣೆಗಳು ಆಗ ಉಪಯೋಗಕ್ಕೆ ಬಂದವು.

ಯಜಮಾನರ ಜತೆ ಬೆಳಿಗ್ಗೆ ತೋಟ ಸುತ್ತಬೇಕು ಮಾರಾಯ್ರೆ! ಸಿಲ್ವರ್ ಓಕಿಗೆ ಹಬ್ಬಿಸಿದ ಕಾಳುಮೆಣಸು, ನೆರಳು ಸವರುವ ಕ್ರಮ, ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವ ಲೆಕ್ಕ, ಎಲ್ಲ ಕೇಳಬಹುದು. ಅಡುಗೆಮನೆಯಲ್ಲೂ ಕಲಿಯಲಿಕ್ಕುಂಟು. ಕಾಚಂಪುಳಿ ಎಂದರೆ ನಮ್ಮ ಉಪ್ಪಾಗೆಯೇ. ನಾವು ಸಿಪ್ಪೆ ಒಣಗಿಸಿ ಮಾರ್ತೇವೆ. ಅವರು ರಸವನ್ನು ಕಪ್ಪಗೆ, ಮಂದವಾಗುವ ತನಕ ಕುದಿಸಿ ಬಾಟಲಿಗೆ ತುಂಬುತ್ತಾರೆ, ವರ್ಷಗಟ್ಟಲೆ ಇಡುತ್ತಾರೆ.

ಹೋಗುವವರಿಗೆ ನಾಲ್ಕು ಮಾತು. ಮನೆಯವರು ಅದೇ ಮನೆಯಲ್ಲಿ ಇರ್ತಾರಾ ಅಂತ ಮೊದಲೇ ಕೇಳಿ. ಕೆಲಸದವರ ಕೈಗೆ ಬೀಗದಕೈ ಕೊಟ್ಟು ನಡೆಸುವ ಕಡೆ ಈ ಮಾತುಕತೆ ಸಿಗದು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಉಂಟೋ ವಿಚಾರಿಸಿ. ದರ ತಲೆಗೋ ಕೋಣೆಗೋ, ಊಟ ಸೇರಿದೆಯೋ, ಸ್ಪಷ್ಟ ಮಾಡಿಕೊಳ್ಳಿ. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿದರೆ ನೂಪುಟ್ಟಿಗೆ ಕುಂಬಳಕಾಯಿ ಕರಿ ತಯಾರಿರುತ್ತದೆ. ಕಡೇ ಬಸ್ಸಿನ ಹೊತ್ತು ಕೇಳಲು ಮರೆಯಬೇಡಿ. ಎಷ್ಟೋ ಮನೆಗಳು ಡಾಂಬರು ರಸ್ತೆಯಿಂದ ಒಳಗಿವೆ.

ನಾವೂ ಶುರು ಮಾಡಿದರೆ ಹೇಗೆ? ಈ ಪ್ರಶ್ನೆ ನಮ್ಮೂರಲ್ಲೂ ಎದ್ದಿದೆ. ನಾನು ಕಂಡ ಹಾಗೆ ಇದರ ನಿಜವಾದ ಭಾರ ಹೆಂಗಸರ ಮೇಲೆ. ಬೆಳಗಿನ ಕಾಫಿಯಿಂದ ರಾತ್ರಿ ಪಾತ್ರೆ ತೊಳೆಯುವ ತನಕ ಬಿಡುವಿಲ್ಲ. ರಜೆ ಬಂತೆಂದರೆ ನೆಂಟರ ಮನೆ, ಮದುವೆ, ಮುಂಜಿ ಯಾವುದೂ ಇಲ್ಲ. ಒಬ್ಬ ಮನೆಯೊಡತಿ ವಾರಕ್ಕೆರಡು ದಿನ ಅತಿಥಿಗಳನ್ನೇ ಸೇರಿಸುವುದಿಲ್ಲ. ಗಂಡನೂ ಅದಕ್ಕೆ ಒಪ್ಪಿದ್ದಾರೆ. ಒಳ್ಳೆ ಕ್ರಮ.

ಇನ್ನೊಂದು, ಇದನ್ನೇ ನಂಬಿ ತೋಟ ಕಡೆಗಣಿಸಬಾರದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ, 2020ರಲ್ಲಿ ಕೋವಿಡ್ ಬಂದಾಗ ಪ್ರವಾಸಿಗರೇ ಇರಲಿಲ್ಲ. ಕೋಣೆಗೆ ಟೈಲ್ಸ್ ಹಾಕಿಸಲು ಸಾಲ ಎತ್ತುವ ಮೊದಲು ಇದ್ದ ಒಂದು ಕೋಣೆಯಲ್ಲಿ ಒಂದು ವರ್ಷ ನಡೆಸಿ ನೋಡಿ. ಅದಕ್ಕೂ ಮೊದಲು ಅಡುಗೆಮನೆಯಲ್ಲಿ ಕೇಳಿ. ಅಲ್ಲಿ ಒಪ್ಪಿಗೆ ಸಿಗದಿದ್ದರೆ ಬೋರ್ಡು ಬರೆಸುವುದು ಬೇಡ.