ಸಾಸಿವೆ ಎಣ್ಣೆಯಲ್ಲಿ ಅಡಗಿದ ವಿಷ

೧೯೯೮ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ದೆಹಲಿಯ ಆಸ್ಪತ್ರೆಗಳಿಗೆ ಒಂದೇ ಬಗೆಯ ರೋಗಿಗಳು ದಿನದಿನಕ್ಕೂ ಹೆಚ್ಚಾಗಿ ಬರತೊಡಗಿದರು. ಮೊದಲು ವಾಂತಿ, ಭೇದಿ. ಅನಂತರ ಎರಡು ಕಾಲುಗಳಿಗೂ ಬಾವು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೆಯೇ ಉಳಿಯುವುದು. ಊದಿದ ಚರ್ಮ ಕೆಂಪೇರಿ ಉರಿಯುವುದು. ಕೆಲವರಿಗಂತೂ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಏದುಸಿರು. ಮನೆಯಲ್ಲಿ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುವ ಕಾಯಿಲೆಯಲ್ಲ ಇದು. ಗಂಡ, ಹೆಂಡತಿ, ಮಕ್ಕಳು, ಮುದುಕರು ಎಂಬ ಭೇದವಿಲ್ಲದೆ ಮನೆಗೆ ಮನೆಯೇ ಹಾಸಿಗೆ ಹಿಡಿಯುತ್ತಿತ್ತು. ನೋಡಿದವರಿಗೆ ಇದು ಅಂಟುಜಾಡ್ಯವೆಂದೇ ತೋರಬೇಕು.

ಆದರೆ ರೋಗವು ಒಬ್ಬರಿಂದ ಒಬ್ಬರಿಗೆ ಅಂಟಿರಲಿಲ್ಲ. ಮನೆಯವರೆಲ್ಲರೂ ಒಂದೇ ಡಬ್ಬಿಯ ಸಾಸಿವೆ ಎಣ್ಣೆಯಲ್ಲಿ ಬೇಯಿಸಿದ ಅಡಿಗೆಯನ್ನು ಉಂಡಿದ್ದರು. ನಮ್ಮಲ್ಲಿ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳಿಗೆ ಇರುವ ಸ್ಥಾನ ಉತ್ತರ ಭಾರತದಲ್ಲಿ ಸಾಸಿವೆ ಎಣ್ಣೆಗೆ ಇದೆ. ಆ ಎಣ್ಣೆಯಲ್ಲಿ ಮತ್ತೊಂದು ಬೀಜದ ಎಣ್ಣೆ ಬೆರೆತಿತ್ತು. ಆ ಪ್ರಕೋಪ ಅಡಗುವ ವೇಳೆಗೆ ಅರವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದರು. ಕಾಯಿಲೆ ಬಿದ್ದವರ ಸಂಖ್ಯೆ ಸಾವಿರಗಳನ್ನು ಮುಟ್ಟಿತ್ತು.

ಹಳದಿ ಹೂವಿನ ಗಿಡ

ಬೆರೆತ ಬೀಜ ಯಾವುದು? ಅದರ ಗಿಡವನ್ನು ಕನ್ನಡ ನಾಡಿನ ಜನರೂ ಬಲ್ಲರು. ಬಯಲುಸೀಮೆಯ ಹಾದಿಬದಿಗಳಲ್ಲಿ, ಪಾಳು ಹೊಲಗಳಲ್ಲಿ ಮೈಯೆಲ್ಲ ಮುಳ್ಳಾಗಿ, ಅಂದವಾದ ಹಳದಿ ಹೂ ಬಿಟ್ಟು ನಿಂತಿರುವ ಅರಿಸಿನ ಉಮ್ಮತ್ತವೇ ಅದು. ಮೂಲತಃ ಮೆಕ್ಸಿಕೋ ಕಡೆಯಿಂದ ಬಂದ ಈ ಕಳೆಯನ್ನು ಶಾಸ್ತ್ರಜ್ಞರು ಆರ್ಜಿಮೋನ್ ಮೆಕ್ಸಿಕಾನಾ ಎಂದು ಕರೆಯುತ್ತಾರೆ. ಇದರ ಬೀಜ ಕಪ್ಪು ಸಾಸಿವೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಸಾಸಿವೆಯ ಹೊಲದಲ್ಲಿಯೇ ಬೆಳೆದು, ಕೊಯ್ಲಿನಲ್ಲಿ ಅದರೊಡನೆ ತಾನಾಗಿಯೇ ಸೇರುವುದುಂಟು. ಲಾಭದಾಸೆಯಿಂದ ಬೇಕೆಂದೇ ಬೆರೆಸುವುದೂ ಉಂಟು.

ಈ ಬೀಜದ ಎಣ್ಣೆಯಲ್ಲಿರುವ ಸ್ಯಾಂಗ್ವಿನರಿನ್ ಎಂಬ ವಿಷವು ದೇಹದ ಅತಿ ಸೂಕ್ಷ್ಮವಾದ ರಕ್ತನಾಳಗಳನ್ನು ಹಿಗ್ಗಿಸಿ ಸಡಿಲಗೊಳಿಸುತ್ತದೆ. ನಾಳದೊಳಗಿನ ದ್ರವ ಹೊರಕ್ಕೆ ಜಿನುಗಿ ಕಾಲು ಊದುತ್ತದೆ, ಹೃದಯ ಸೋಲುತ್ತದೆ, ಕಣ್ಣಿನ ಒಳಗಣ ಒತ್ತಡ ಹೆಚ್ಚಿ ದೃಷ್ಟಿಗೂ ಕೇಡು ತಟ್ಟಬಹುದು. ನೂರು ಪಾಲು ಎಣ್ಣೆಯಲ್ಲಿ ಒಂದು ಪಾಲು ಬೆರೆತರೂ ರೋಗ ತಲೆದೋರಬಲ್ಲುದು. ಇದಕ್ಕೆ ಪ್ರತ್ಯೇಕವಾದ ಪ್ರತಿವಿಷವಿಲ್ಲ. ಆ ಎಣ್ಣೆಯನ್ನು ಬಿಟ್ಟು, ವಿಶ್ರಾಂತಿ ಪಡೆದು, ಲಕ್ಷಣಗಳಿಗೆ ತಕ್ಕ ಚಿಕಿತ್ಸೆ ಮಾಡಿಸಿಕೊಳ್ಳುವುದೇ ದಾರಿ.

ಅರ್ಧ ಶತಮಾನದ ಹುಡುಕಾಟ

ದೆಹಲಿಯಲ್ಲಿ ಕಾಣಿಸಿಕೊಂಡದ್ದು ಹೊಸ ರೋಗವೇನೂ ಅಲ್ಲ. ೧೮೭೭ರಲ್ಲಿಯೇ ಕಲ್ಕತ್ತೆಯ ವೈದ್ಯರು ಇದನ್ನು ಗುರುತಿಸಿ ಎಪಿಡೆಮಿಕ್ ಡ್ರಾಪ್ಸಿ ಎಂದು ಹೆಸರಿಟ್ಟಿದ್ದರು. ಕಾರಣ ಮಾತ್ರ ಹೊಳೆಯಲಿಲ್ಲ. ಅಕ್ಕಿಯ ದೋಷವೆಂದರು ಕೆಲವರು, ಬೆರಿಬೆರಿಯ ಮತ್ತೊಂದು ರೂಪವೆಂದರು ಹಲವರು, ಸೋಂಕೆಂದರು ಮತ್ತೆ ಕೆಲವರು. ಒಂದು ಸೂಚನೆ ಮಾತ್ರ ಎಲ್ಲರ ಕಣ್ಣೆದುರಿಗೇ ಇತ್ತು: ರೋಗ ಹೊಕ್ಕ ಮನೆಗಳಲ್ಲಿ ಮೊಲೆಹಾಲು ಕುಡಿಯುವ ಕೂಸುಗಳು ಸಾಮಾನ್ಯವಾಗಿ ಪಾರಾಗುತ್ತಿದ್ದವು. ಕೂಸಿಗೆ ಅಡಿಗೆಮನೆಯ ಎಣ್ಣೆಯ ಸಂಪರ್ಕವಿಲ್ಲ! ೧೯೨೦ರ ದಶಕದಲ್ಲಿ ಸಂದೇಹವು ಅರಿಸಿನ ಉಮ್ಮತ್ತದ ಕಡೆಗೆ ತಿರುಗಿತು. ಆ ಬಳಿಕ ಲಾಲ್, ರಾಯ್ ಮೊದಲಾದ ಸಂಶೋಧಕರ ಪ್ರಯತ್ನದಿಂದ ಅದು ಸ್ಥಿರಪಟ್ಟಿತು.

ಎಣ್ಣೆಗೆ ಪ್ರಬಲ ನೈಟ್ರಿಕ್ ಆಮ್ಲವನ್ನು ಸೇರಿಸಿದಾಗ ಕಿತ್ತಳೆಗೆಂಪು ಬಣ್ಣ ಬಂದರೆ ಈ ಬೆರಕೆಯ ಶಂಕೆಗೆ ಎಡೆಯುಂಟು. ತೀರ ಅಲ್ಪ ಪ್ರಮಾಣದ ಬೆರಕೆಯನ್ನು ಕಂಡುಹಿಡಿಯಲು ಇದಕ್ಕಿಂತ ಸೂಕ್ಷ್ಮವಾದ ವಿಧಾನಗಳೂ ಇವೆ. ಆದರೆ ಇವೆಲ್ಲ ಪ್ರಯೋಗಶಾಲೆಯ ಕೆಲಸ. ಗೃಹಿಣಿಯ ಕೈಯಲ್ಲಿ ಆಗುವಂಥವಲ್ಲ. ಕಲ್ಲು, ಹುಳು, ಹಳಸಿದ ವಾಸನೆ ಇವುಗಳನ್ನು ಪತ್ತೆಹಚ್ಚುವಲ್ಲಿ ನಮ್ಮ ತಾಯಂದಿರ ಕಣ್ಣು, ಮೂಗುಗಳನ್ನು ಮೀರಿಸುವ ಪರೀಕ್ಷಕರಿಲ್ಲ. ನೂರರಲ್ಲಿ ಒಂದು ಪಾಲು ಬೆರೆತ ವಿಷದೆದುರು ಆ ಅನುಭವವೆಲ್ಲ ನಿಷ್ಫಲ. ಸರ್ಕಾರದ ಹೊಣೆ ಮೊದಲಾಗುವುದು ಇಲ್ಲಿಯೇ. ಪ್ರಜೆಯ ಕಣ್ಣಿಗೆ ಕಾಣದುದನ್ನು ಪ್ರಜೆಯ ಪರವಾಗಿ ಕಾಣುವುದು ಅದರ ಕರ್ತವ್ಯ.

ಕಾನೂನಿತ್ತು, ಕಾವಲಿರಲಿಲ್ಲ

ಈ ಕರ್ತವ್ಯ ನಮ್ಮ ಸರ್ಕಾರಕ್ಕೆ ತಿಳಿಯದುದೇನೂ ಅಲ್ಲ. ಆಹಾರ ಕಲಬೆರಕೆ ತಡೆ ಕಾಯಿದೆಯು ೧೯೫೪ರಲ್ಲಿಯೇ ಅಂಗೀಕೃತವಾಗಿ ೧೯೫೫ರಲ್ಲಿ ಜಾರಿಗೆ ಬಂದಿತ್ತು. ಮಾದರಿ ತೆಗೆಯುವ ಇನ್‌ಸ್ಪೆಕ್ಟರುಗಳು, ಪರೀಕ್ಷಿಸುವ ವಿಶ್ಲೇಷಕರು, ಶಿಕ್ಷಿಸುವ ನ್ಯಾಯಾಲಯಗಳು ಎಲ್ಲಕ್ಕೂ ಅದರಲ್ಲಿ ಅವಕಾಶವಿತ್ತು. ಹಾಗಿದ್ದೂ ನಲವತ್ತಮೂರು ವರ್ಷಗಳ ಮೇಲೆ ರಾಷ್ಟ್ರದ ರಾಜಧಾನಿಯಲ್ಲಿಯೇ ವಿಷದ ಎಣ್ಣೆ ಮಾರಾಟವಾಯಿತು. ಕಾನೂನು ಪುಸ್ತಕದಲ್ಲಿರುವುದು ಬೇರೆ, ಅದು ಪೇಟೆಯಲ್ಲಿ ಓಡಾಡುವುದು ಬೇರೆ.

ದುರಂತದ ಬಳಿಕ ಸರ್ಕಾರ ಚುರುಕಾಯಿತು. ಖಾದ್ಯ ತೈಲಗಳನ್ನು ಮೊಹರು ಮಾಡಿದ ಪೊಟ್ಟಣ, ಡಬ್ಬಿಗಳಲ್ಲಿಯೇ ಮಾರಬೇಕೆಂಬ ಆಜ್ಞೆ ೧೯೯೮ರ ಸೆಪ್ಟೆಂಬರಿನಲ್ಲಿ ಹೊರಟಿತು. ಇದು ಸಣ್ಣ ಮಾತಲ್ಲ. ಬಿಡಿ ಎಣ್ಣೆಗೆ ಕುಲಗೋತ್ರವಿಲ್ಲ. ಯಾವ ಗಾಣದ್ದು, ಯಾರು ಬೆರೆಸಿದ್ದು ಎಂದು ಕೇಳಿದರೆ ಅಂಗಡಿಯವನು ಕೈ ಕೊಡವಿಬಿಡಬಹುದು. ಡಬ್ಬಿಯ ಮೇಲೆ ತಯಾರಕನ ಹೆಸರು, ವಿಳಾಸ, ತಂಡದ ಸಂಖ್ಯೆ ಇದ್ದರೆ ಅಪರಾಧಿಯ ಹೆಜ್ಜೆ ಹಿಡಿದು ಹೋಗಬಹುದು. ಕೆಟ್ಟ ಸರಕನ್ನು ಪೇಟೆಯಿಂದ ಹಿಂದಕ್ಕೆ ತರಿಸಬಹುದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು, ನಿಜ. ಆದರೂ ಬಾಗಿಲನ್ನಂತೂ ಹಾಕಿದರು.

ಹಳೆಯ ಕಾಯಿದೆಯ ಸ್ಥಾನವನ್ನು ಈಗ ೨೦೦೬ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಆಕ್ರಮಿಸಿದೆ. ೨೦೧೧ರ ಆಗಸ್ಟಿನಿಂದ ಅದು ಆಚರಣೆಯಲ್ಲಿದೆ. ವಿಷಾಹಾರದಿಂದ ಸಾವು ಸಂಭವಿಸಿದರೆ ಅಪರಾಧಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಲ್ಲ ಸೆರೆವಾಸ. ಹತ್ತು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಸತ್ತವರ ಕುಟುಂಬಕ್ಕೆ ಐದು ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರ. ವಿಷಾಹಾರದ ಪ್ರಕರಣಗಳನ್ನು ವೈದ್ಯರು ತಿಳಿಸಬೇಕೆಂದು ಅಧಿಸೂಚನೆ ಹೊರಡಿಸುವ ಅಧಿಕಾರವೂ ಅದರಲ್ಲಿದೆ. ಕೊಂಡ ಪದಾರ್ಥವನ್ನು ಶುಲ್ಕ ತೆತ್ತು ಪರೀಕ್ಷೆ ಮಾಡಿಸುವ ಹಕ್ಕು ಸಾಮಾನ್ಯ ಗಿರಾಕಿಗೂ ಉಂಟು.

ಇಷ್ಟಾದರೂ ಬಿಡಿ ಎಣ್ಣೆಯ ವ್ಯಾಪಾರ ಸಂಪೂರ್ಣವಾಗಿ ನಿಂತಿಲ್ಲ. ದಂಡನೆಯ ಭಯಕ್ಕಿಂತ ಸಿಕ್ಕಿಬೀಳುವೆನೆಂಬ ಭಯ ದೊಡ್ಡದು. ಮಾದರಿಗಳನ್ನು ಮೇಲಿಂದ ಮೇಲೆ ತೆಗೆಯುತ್ತಿರಬೇಕು. ಪ್ರಯೋಗಶಾಲೆಯ ವರದಿ ಬೇಗನೆ ಕೈಸೇರಬೇಕು. ರೋಗಿಗಳು ಬರುವುದಕ್ಕೆ ಮುಂಚೆಯೇ ಪರೀಕ್ಷಕರು ಅಂಗಡಿಗೆ ಬರಬೇಕು. ಇವಿಲ್ಲದಿದ್ದರೆ ಎಷ್ಟೇ ಕಠಿಣವಾದ ಕಾನೂನೂ ಸತ್ತವರ ಲೆಕ್ಕ ಬರೆಯುವ ಕಡತವಾಗಿ ಉಳಿಯುತ್ತದೆ.

ಗೃಹಿಣಿಯರಿಗೆ ಎರಡು ಮಾತು

ಮನೆಯಲ್ಲಿ ಮಾಡಬಹುದಾದುದೂ ಸ್ವಲ್ಪ ಇದೆ. ಎಣ್ಣೆಯನ್ನು ಮೊಹರು ಒಡೆಯದ ಡಬ್ಬಿಯಲ್ಲಿಯೇ ಕೊಳ್ಳಬೇಕು. ಅದರ ಮೇಲೆ ಹದಿನಾಲ್ಕು ಅಂಕೆಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬೇಕು. ರಸೀತಿಯನ್ನು ಕೇಳಿ ಪಡೆಯಬೇಕು. ಒಗ್ಗರಣೆಗೆಂದು ತಂದ ಸಾಸಿವೆಯನ್ನು ತಟ್ಟೆಯಲ್ಲಿ ಹರಡಿ ನೋಡಬೇಕು. ಸಾಸಿವೆಯ ಕಾಳು ನುಣುಪು, ಒಡೆದರೆ ಒಳಗೆ ಹಳದಿ. ಉಮ್ಮತ್ತದ ಬೀಜದ ಮೈ ಒರಟು, ಒಡೆದರೆ ಒಳಗೆ ಬಿಳುಪು. ಒಂದೇ ಊಟ ಉಂಡವರೆಲ್ಲ ಒಟ್ಟಿಗೆ ಕಾಯಿಲೆ ಬಿದ್ದರೆ ವೈದ್ಯರಿಗೆ ಅದನ್ನು ಮರೆಯದೆ ಹೇಳಬೇಕು. ಉಳಿದ ಎಣ್ಣೆಯನ್ನೋ ಪದಾರ್ಥವನ್ನೋ ಚೆಲ್ಲದೆ ತೆಗೆದಿರಿಸಬೇಕು. ಆ ಉಳಿಕೆಯಿಂದಲೇ ಕಾರಣ ಪತ್ತೆಯಾಗಿ ನೆರೆಹೊರೆಯ ಹತ್ತು ಮನೆಗಳು ಉಳಿಯಬಹುದು.

ಇದಕ್ಕಿಂತ ಹೆಚ್ಚಿನದನ್ನು ಅಡಿಗೆಮನೆಯಿಂದ ಕೇಳುವುದು ನ್ಯಾಯವಲ್ಲ. ದೆಹಲಿಯ ಆ ಮನೆಗಳಲ್ಲಿ ಒಲೆಯ ಮುಂದೆ ನಿಂತಿದ್ದವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಎಂದಿನಂತೆ ಎಣ್ಣೆ ಕೊಂಡು, ಎಂದಿನಂತೆ ಅಡಿಗೆ ಮಾಡಿ, ಮಕ್ಕಳಿಗೆ ಬಡಿಸಿದ್ದರು. ಹಾಗೆ ನಿಶ್ಚಿಂತೆಯಿಂದ ಬಡಿಸುವಂತಿರಬೇಕಾದರೆ ಅಂಗಡಿಯ ಹಿಂದೆ, ಗಾಣದ ಹಿಂದೆ, ಎಚ್ಚರವಾಗಿರುವ ಒಂದು ಸರ್ಕಾರ ಇರಲೇಬೇಕು.