ಆರು ಬಡಿತ ಎಂದರೆ ಅಪಾಯ

ಅಮಂಗ್ ಅಸ್ ಎಂಬ ಆಟದಲ್ಲಿ ಸ್ಕೆಲ್ಡ್ ಹೆಸರಿನ ಬಾಹ್ಯಾಕಾಶ ನೌಕೆಯಿದೆ. ಆಟಗಾರರೆಲ್ಲ ಅದರ ಸಿಬ್ಬಂದಿ, ಆದರೆ ಅವರಲ್ಲೇ ಒಬ್ಬಿಬ್ಬರು ವೇಷ ಮರೆಸಿಕೊಂಡ ಕೊಲೆಗಾರರು. ಶವ ಕಣ್ಣಿಗೆ ಬಿದ್ದ ಕೂಡಲೇ ಸಭೆ ಸೇರಿ, ಯಾರು ಎಲ್ಲಿದ್ದರೆಂದು ವಿಚಾರಿಸಿ, ಅನುಮಾನ ಬಂದವರನ್ನು ನೌಕೆಯಿಂದ ಆಚೆ ದಬ್ಬಬೇಕು. 2018ರಲ್ಲಿ ಬಂದ ಈ ಆಟ 2020ರ ಲಾಕ್‌ಡೌನ್‌ನಲ್ಲಿ ಮನೆಮನೆ ಹೊಕ್ಕಿತು. ಮರುವರ್ಷ ಅದಕ್ಕೆ ಕ್ವಿಕ್ ಚಾಟ್ ಸೇರಿತು. ಇದರಲ್ಲಿ ಮಾತನ್ನು ಟೈಪ್ ಮಾಡುವಂತಿಲ್ಲ. ‘ಎಲ್ಲಿ?’, ‘ಯಾರು?’, ‘ನಾನು ಇಂಥಲ್ಲಿದ್ದೆ’ ಎಂಬಂಥ ಸಿದ್ಧ ವಾಕ್ಯಗಳ ಪಟ್ಟಿಯಿಂದ ಒಂದನ್ನು ಆರಿಸಬೇಕು. ಚಿಕ್ಕ ಮಕ್ಕಳಿಗೆ, ಹೆತ್ತವರು ಒಪ್ಪಿಗೆ ಕೊಡದ ಹೊರತು, ಇದೊಂದೇ ದಾರಿ. ಅಪರಿಚಿತರ ಬೈಗುಳ ಮಕ್ಕಳಿಗೆ ತಾಗಬಾರದು, ಮಕ್ಕಳು ಮನೆ ವಿಳಾಸ ಹೇಳಿಬಿಡಬಾರದು ಎಂಬ ಕಾಳಜಿ ಇದರ ಹಿಂದಿದೆ.

ಮಾತಿಗೆ ಹೀಗೆ ಕಡಿವಾಣ ಹಾಕಿದರೆ ಸಂವಹನ ಬಡವಾಗುವುದಿಲ್ಲವೇ? ಹುಬ್ಬಳ್ಳಿಯ ಕೇಶ್ವಾಪುರದ ಮಗ್ಗುಲಲ್ಲೇ ಇದಕ್ಕೆ ಒಳ್ಳೆಯ ಉತ್ತರವಿದೆ. ಅಲ್ಲಿಂದ ಗದಗ ರಸ್ತೆ ಹಿಡಿದರೆ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ರೈಲ್ ಸೌಧ ಸಿಗುತ್ತದೆ. 2020ರಲ್ಲಿ ತೆರೆದ ರೈಲ್ವೆ ಮ್ಯೂಸಿಯಂ ಕೂಡ ಅದೇ ರಸ್ತೆಯ ಕಡೆಗಿದೆ. ಆಟದ ನೌಕೆಗಿಂತ ಬಹಳ ಮೊದಲೇ, ಪ್ರಾಣ ಪಣಕ್ಕಿಟ್ಟ ಕೆಲಸಕ್ಕಾಗಿ ಸಿದ್ಧ ಸಂದೇಶಗಳನ್ನು ರೂಢಿಸಿಕೊಂಡವರು ರೈಲ್ವೆಯವರು.

ಎರಡು ನಿಲ್ದಾಣಗಳ ನಡುವಿನ ಹಳಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಒಂದು ಹೊತ್ತಿಗೆ ಅದರೊಳಗೆ ಒಂದೇ ಗಾಡಿ ಇರಬೇಕು. ಎರಡೂ ತುದಿಯ ಸ್ಟೇಷನ್ ಮಾಸ್ತರರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ತೆಲುಗೋ ಹಿಂದಿಯೋ ಇರಬಹುದು. ಅವರ ನಡುವೆ ಬ್ಲಾಕ್ ಇನ್‌ಸ್ಟ್ರುಮೆಂಟ್ ಎಂಬ ಪೆಟ್ಟಿಗೆ, ಅದಕ್ಕೊಂದು ಗಂಟೆ. ಒಂದು ಬಡಿತ ಎಂದರೆ ‘ಗಮನಿಸಿ’. ಎರಡು ಎಂದರೆ ‘ಲೈನ್ ಕ್ಲಿಯರ್ ಇದೆಯೇ?’ ಮೂರು ಎಂದರೆ ಗಾಡಿ ಸೆಕ್ಷನ್ ಒಳಗೆ ಹೊರಟಿತು. ನಾಲ್ಕು ಎಂದರೆ ಗಾಡಿ ಪೂರ್ತಿ ಹೊರಬಂತು. ಐದು ಎಂದರೆ ಹಿಂದಿನ ಸಂಕೇತ ರದ್ದು. ಆರು ಎಂದರೆ ಅಪಾಯ. ಯಂತ್ರ ಪರೀಕ್ಷಿಸುವುದಕ್ಕೆ ಹದಿನಾರು.

ಈ ಪಟ್ಟಿಯ ಕಟ್ಟೋಣ ನನಗೆ ಬಹಳ ಹಿಡಿಸುತ್ತದೆ. ಪ್ರತಿ ಗಾಡಿಗೂ ಬೇಕಾಗುವ ಸಂದೇಶಗಳಿಗೆ ಕಡಿಮೆ ಬಡಿತ, ಅವಸರವಿಲ್ಲದ ಪರೀಕ್ಷೆಗೆ ಹೆಚ್ಚು. ಪದೇಪದೇ ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಎಂಬ ಸೂತ್ರ ಮೋರ್ಸ್ ಸಂಕೇತದಲ್ಲೂ ಇದೆ, ಅಲ್ಲಿ ಇಂಗ್ಲಿಷಿನ ‘ಇ’ ಅಕ್ಷರಕ್ಕೆ ಒಂದೇ ಚುಕ್ಕೆ ಸಾಕು. 1948ರಲ್ಲಿ ಕ್ಲಾಡ್ ಶಾನನ್ ಇದಕ್ಕೆಲ್ಲ ಗಣಿತದ ತಳಪಾಯ ಹಾಕಿದರು. ಅವರ ಲೆಕ್ಕದಲ್ಲಿ ಮಾಹಿತಿಯ ಅಳತೆಗೂ ಮಾತಿನ ಉದ್ದಕ್ಕೂ ಸಂಬಂಧವಿಲ್ಲ; ಎಷ್ಟು ಸಾಧ್ಯತೆಗಳ ನಡುವಿನಿಂದ ಈ ಒಂದನ್ನು ಆರಿಸಲಾಯಿತು ಎಂಬುದೇ ಮುಖ್ಯ. ‘ನಾನು ಇಂಜಿನ್ ಕೋಣೆಯಲ್ಲಿದ್ದೆ’ ಎಂದು ಕನ್ನಡದಲ್ಲಿ ಟೈಪ್ ಮಾಡಿದರೆ ಯುಟಿಎಫ್-8 ಪದ್ಧತಿಯಲ್ಲಿ ಒಟ್ಟು 568 ಬಿಟ್ ಬೇಕು. ಅದೇ ವಾಕ್ಯ 64 ಸಿದ್ಧ ವಾಕ್ಯಗಳ ಪಟ್ಟಿಯಲ್ಲಿದ್ದರೆ ಅದರ ಕ್ರಮಸಂಖ್ಯೆ ಕಳಿಸಿದರಾಯಿತು, 6 ಬಿಟ್ ಸಾಕು. ಆ ಸಂಖ್ಯೆಯನ್ನು ಆ ಕಡೆಯ ಫೋನು ಯಾವ ಭಾಷೆಯಲ್ಲಿ ಬೇಕಾದರೂ ತೋರಿಸಬಲ್ಲದು. ನಮ್ಮ ತಾರು ಕಚೇರಿಗಳಲ್ಲೂ ಹಬ್ಬ, ಮದುವೆ, ಪರೀಕ್ಷೆಯ ಪಾಸು ಎಂದು ಸಿದ್ಧ ಶುಭಾಶಯಗಳಿಗೆ ಒಂದೊಂದು ನಂಬರಿತ್ತು. 2013ರ ಜುಲೈನಲ್ಲಿ ತಾರು ಸೇವೆಯೇ ನಿಂತಿತು.

ಆರು ಬಡಿತದ ಒಳಗೆ ಇನ್ನೊಂದು ಜಾಣತನವಿದೆ. ಆರು ಬಡಿದು, ತುಸು ತಡೆದು, ಮತ್ತೊಂದು ಬಡಿದರೆ ‘ಗಾಡಿ ನಿಲ್ಲಿಸಿ ಪರೀಕ್ಷಿಸಿ’. ಮತ್ತೆರಡಾದರೆ ಗಾಡಿಯ ಬಾಲದಲ್ಲಿ ದೀಪವಾಗಲಿ ಫಲಕವಾಗಲಿ ಇರಲಿಲ್ಲ ಎಂದರ್ಥ. ಕೊನೆಯ ಬೋಗಿಯ ಗುರುತು ಕಾಣದಿದ್ದರೆ ಕೆಲವು ಬೋಗಿಗಳು ಕಳಚಿ ಸೆಕ್ಷನ್‌ನಲ್ಲೇ ಉಳಿದಿರಬಹುದು. ಮತ್ತೆ ಮೂರಾದರೆ ಗಾಡಿ ನಿಜಕ್ಕೂ ತುಂಡಾಗಿದೆ. ನಾಲ್ಕು, ಐದು ಎಂದರೆ ತಪ್ಪಿಸಿಕೊಂಡ ಬೋಗಿಗಳು ತಾವಾಗಿ ಉರುಳುತ್ತಿವೆ, ನಾಲ್ಕಾದರೆ ಎದುರು ದಿಕ್ಕಿಗೆ, ಐದಾದರೆ ಸರಿ ದಿಕ್ಕಿಗೆ. ಮೊದಲು ಅಪಾಯ, ಆಮೇಲೆ ವಿವರ. ಬಾಲದ ಬಡಿತಗಳು ಕೇಳಿಸದೆ ಹೋದರೂ ಆ ಕಡೆಯವರು ಅಷ್ಟರಲ್ಲಿ ಎಚ್ಚೆತ್ತಿರುತ್ತಾರೆ. ಐದನ್ನು ಆರೆಂದು ಎಣಿಸಿದರೆ? ಅದಕ್ಕೇ ಕೇಳಿಸಿಕೊಂಡವರು ಅಷ್ಟೇ ಬಡಿತಗಳನ್ನು ತಿರುಗಿ ಬಾರಿಸಬೇಕು. ಹಾಗೆ ಮರಳಿ ಬರುವ ತನಕ ಸಂದೇಶ ಮುಟ್ಟಿತೆಂದು ತಿಳಿಯುವಂತಿಲ್ಲ.

ನಿಜವಾದ ಅಂತರಿಕ್ಷಯಾನದಲ್ಲೂ ಸಿದ್ಧ ಸಂಕೇತಗಳದ್ದೇ ಕ್ರಮ. 1969ರ ಜುಲೈ 20ರಂದು ಅಪೊಲೊ 11ರ ಈಗಲ್ ಚಂದ್ರನ ಮೇಲೆ ಇಳಿಯುತ್ತಿದ್ದಾಗ ಅದರ ಕಂಪ್ಯೂಟರು 1202 ಎಂದು ಎಚ್ಚರಿಸಿತು. ಕೆಲಸದ ಹೊರೆ ಮೀರಿದೆ ಎಂಬುದರ ಸಂಕೇತ ಅದು. ಜಾಕ್ ಗಾರ್ಮನ್ ಎಂಬ ಯುವ ಎಂಜಿನಿಯರ್ ಅಂಥ ಎಚ್ಚರಿಕೆಗಳನ್ನೆಲ್ಲ ಮೊದಲೇ ಕೈಯಲ್ಲಿ ಬರೆದು ಪಟ್ಟಿ ಮಾಡಿಟ್ಟುಕೊಂಡಿದ್ದರು. ಆದ್ದರಿಂದಲೇ ‘ಮುಂದುವರಿಯಿರಿ’ ಎಂಬ ಉತ್ತರ ಸಕಾಲಕ್ಕೆ ಹೋಯಿತು.

ಸಿದ್ಧ ಸಂದೇಶ ಸ್ಪಷ್ಟತೆ ಕೊಡುತ್ತದೆ, ಸತ್ಯದ ಖಾತ್ರಿ ಕೊಡುವುದಿಲ್ಲ. ಅಮಂಗ್ ಅಸ್‌ನ ಕೊಲೆಗಾರನೂ ಅದೇ ಪಟ್ಟಿಯಿಂದ ‘ನಾನು ಇಂಥಲ್ಲಿದ್ದೆ’ ಎಂದು ಆರಿಸಿ ಸುಳ್ಳು ಹೇಳುತ್ತಾನೆ, ಆಟದ ಸೊಗಸೇ ಅದು. ರೈಲ್ವೆಗೆ ಆ ಸೊಗಸು ಬೇಡ. ಫೋನಿನಲ್ಲಿ ಲೈನ್ ಕ್ಲಿಯರ್ ಕೊಡುವಾಗ ಮಾಸ್ತರರು ಪ್ರೈವೇಟ್ ನಂಬರ್ ಹೇಳುತ್ತಾರೆ. ಮುದ್ರಿತ ಹಾಳೆಯಲ್ಲಿ ಅಡ್ಡಾದಿಡ್ಡಿಯಾಗಿ ಇರುವ ಎರಡಂಕಿ ಸಂಖ್ಯೆಗಳಲ್ಲಿ ಮುಂದಿನದನ್ನು ಹೇಳಿ, ಅದನ್ನು ಹೊಡೆದು ಹಾಕಬೇಕು. ಆ ಕಡೆಯವರು ಬರೆದುಕೊಳ್ಳಬೇಕು. ಹಾಳೆ ಕೈಯಲ್ಲಿದ್ದವರೇ ಮಾತಾಡಿದರು ಎಂಬುದಕ್ಕೆ ಅದು ಸಾಕ್ಷಿ. ಬ್ಯಾಂಕಿನ ಒಟಿಪಿಗೂ ಇದಕ್ಕೂ ಹತ್ತಿರದ ನಂಟು. ಮಾತನ್ನಷ್ಟೇ ನಂಬದೆ, ಈಗ ಹಲವೆಡೆ ಗಾಡಿ ಪೂರ್ತಿ ದಾಟಿತೋ ಎಂದು ಆಕ್ಸಲ್ ಕೌಂಟರ್ ಯಂತ್ರಗಳು ಗಾಲಿ ಎಣಿಸಿ ನೋಡುತ್ತವೆ.

ಆಟ ರೂಪಿಸುವವರು ರೈಲ್ವೆಯಿಂದ ಕಲಿಯಬೇಕಾದ ಮುಖ್ಯ ಸಂಗತಿ ಆ ಒಂದು ಬಡಿತದಲ್ಲಿದೆ. ಅದರ ಪೂರ್ಣ ಅರ್ಥ ‘ಗಮನಿಸಿ, ಇಲ್ಲವೇ ಫೋನ್ ಎತ್ತಿ’ ಎಂದು. ಪಟ್ಟಿಯಲ್ಲಿ ಇಲ್ಲದ ಮಾತು ಬಂದೇ ಬರುತ್ತದೆಂದು ಅದನ್ನು ಮಾಡಿದವರಿಗೆ ಗೊತ್ತಿತ್ತು. ಹಾಗಾಗಿ ಪಟ್ಟಿಯ ಮೊದಲ ಸಂದೇಶದಲ್ಲೇ ಪಟ್ಟಿಯಿಂದ ಹೊರಬರುವ ಬಾಗಿಲು ಇಟ್ಟರು. ಮಗುವಿನ ಪರದೆಯಲ್ಲಿ ಬಿಡಿಮಾತಿನ ಫೋನು ಇಡುವಂತಿಲ್ಲ, ಒಪ್ಪತಕ್ಕದ್ದೇ. ಆದರೆ ‘ನಾನು ಹೇಳಬೇಕಾದ್ದು ಇಲ್ಲಿಲ್ಲ’ ಎಂಬ ಒಂದು ಸಾಲು ಇಡಬಹುದು. ಮಗು ಅದನ್ನು ಒತ್ತಿದಾಗ ಉಳಿದವರು ಹೌದು–ಅಲ್ಲ ಎಂಬ ಉತ್ತರದ ಪ್ರಶ್ನೆಗಳನ್ನು ಕೇಳುತ್ತ ಹೋದರೆ, ಪ್ರತಿ ಪ್ರಶ್ನೆಯೂ ಸಾಧ್ಯತೆಗಳನ್ನು ಅರ್ಧಕ್ಕಿಳಿಸಬಲ್ಲದು: ಆರು ಪ್ರಶ್ನೆಗೆ 64, ಹತ್ತಕ್ಕೆ 1024.